ಮೂರನೇ ಪುಟದ ಖಾಲಿ ಜಾಗ

ಮದುವೆಯಾಗಿ ಈ ಮನೆಗೆ ಬಂದ ಮೊದಲ ಊಟದಲ್ಲೇ ನಾನು ಕೇಳಬಾರದ್ದನ್ನು ಕೇಳಿದ್ದೆ. ನಾನು ಕರಾವಳಿಯ ಮೀನುಗಾರರ ಮನೆಯವಳು. ನಮ್ಮ ಕಡೆ ಬಲೆಗೆ ಎಷ್ಟು ಬಿತ್ತು ಎಂದು ಕೇಳದಿದ್ದರೆ ಜನ ಬೇಜಾರು ಮಾಡಿಕೊಳ್ಳುತ್ತಾರೆ. ಅದೇ ಗುಂಗಿನಲ್ಲಿ, ಹಿಮಸಾರಂಗದ ಸಾರು ಬಡಿಸಿಕೊಳ್ಳುತ್ತಾ, "ನಿಮ್ಮ ಹಿಂಡಿನಲ್ಲಿ ಎಷ್ಟಿವೆ?" ಎಂದುಬಿಟ್ಟೆ. ಮೇಜಿನ ಸುತ್ತ ಚಮಚಗಳು ನಿಂತವು. ಗಂಡ ಯೊವ್ನಾ ಕಿಟಕಿಯ ಆಚೆ ಏನೋ ಕಂಡವನಂತೆ ನೋಡತೊಡಗಿದ. ಅತ್ತೆ ಗಾರೆನ್ ಮಾತ್ರ ನಿಧಾನವಾಗಿ ಮೂಳೆ ಒಡೆದು, ಮಜ್ಜೆ ತೆಗೆದು ನನ್ನ ತಟ್ಟೆಗೆ ಹಾಕಿ, "ನಾಯಿಗೆ ಕೆಲಸ ಸಾಕಾಗೋಷ್ಟಿವೆ ಕಣಮ್ಮ" ಎಂದರು.

ಹಿಮಸಾರಂಗ ಸಾಕಿ ಬದುಕುವ ಸಾಮಿ ಜನರ ಮನೆಯಲ್ಲಿ ಅದನ್ನು ಕೇಳುವುದೆಂದರೆ, ಬ್ಯಾಂಕಿನಲ್ಲಿ ಎಷ್ಟಿಟ್ಟಿದ್ದೀರಿ ಎಂದು ಪಂಕ್ತಿಯಲ್ಲಿ ಕೂತು ಕೇಳಿದ ಹಾಗೆ ಎಂದು ಆಮೇಲೆ ತಿಳಿಯಿತು. ಅದಾಗಿ ಇಪ್ಪತ್ತೇಳು ವರ್ಷ. ಅತ್ತೆಯ ಆ ಉತ್ತರ ಊರಿಗೆಲ್ಲ ಗೊತ್ತು. ಯಾರು ಕೇಳಿದರೂ ಅವರದು ಅದೇ ಮಾತು. ನಾನು ಮತ್ತೆ ಬಾಯಿ ಬಿಡಲಿಲ್ಲ. ಗಂಡನ ರಕ್ತದೊತ್ತಡ, ಅತ್ತೆಯ ಮಾತ್ರೆಗಳ ಬಣ್ಣ, ಮಗಳ ಬೂಟಿನ ಅಳತೆ, ಎಲ್ಲ ನನಗೆ ಗೊತ್ತು. ನಮ್ಮ ಹಿಂಡಿನಲ್ಲಿ ಎಷ್ಟು ಪ್ರಾಣಿಗಳಿವೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ಹೀಗಿರುವಾಗ ಫೆಬ್ರವರಿಯ ಕೊನೆಯ ವಾರ ಮಗಳು ಸುನ್ನಾ ಒಂದು ಅರ್ಜಿ ತಂದು ಊಟದ ಮೇಜಿನ ಮೇಲಿಟ್ಟಳು.

ಸುನ್ನಾಳಿಗೆ ಇಪ್ಪತ್ತಾರು. ಊರ ಶಾಲೆಯಲ್ಲಿ ಸಹಾಯಕಿ. ಮಕ್ಕಳ ಬೂಟು ಬಿಚ್ಚಿಸುವುದು, ಮೂಗು ಒರೆಸುವುದು, ಮಾರ್ಗಿತ್ ಟೀಚರ್ ಹೇಳಿದ ಕಡೆ ನಿಲ್ಲುವುದು. ವಾರದ ಕೊನೆಗೆ ಅಪ್ಪನ ಜೊತೆ ಹಿಂಡಿನ ಹಿಂದೆ. ಶಾಲೆಯಲ್ಲಿ ಸಾಮಿ ಭಾಷೆಯಲ್ಲಿ ಪಾಠ ಹೇಳುವವರು ಮಾರ್ಗಿತ್ ಒಬ್ಬರೇ, ಅವರ ಸೊಂಟ ಈಗಾಗಲೇ ಕೈಕೊಟ್ಟಿದೆ. ಅವರು ನಿವೃತ್ತರಾದರೆ ಪಾಠ ಬೇರೆ ಊರಿನಿಂದ ಪರದೆಯ ಮೇಲೆ ಬರುತ್ತದಂತೆ. ಕಳೆದ ಚಳಿಗಾಲದಲ್ಲಿ ಅವರು ಆಸ್ಪತ್ರೆಯಲ್ಲಿದ್ದಾಗ ಎರಡು ವಾರ ಹಾಗೇ ನಡೆಸಿ ನೋಡಿದರು. ಆರು ವರ್ಷದ ಹುಡುಗಿಯೊಬ್ಬಳು ಪರದೆಯ ಎದುರು ಕೈಯೆತ್ತಿಕೊಂಡು ಅರ್ಧ ಗಂಟೆ ಕೂತಿದ್ದಳು. ಆ ಕಡೆಯವರಿಗೆ ಅವಳು ಕಾಣುತ್ತಲೇ ಇರಲಿಲ್ಲ. ಮನೆಗೆ ಬಂದು ಅದನ್ನು ಹೇಳಿದ ದಿನವೇ ಸುನ್ನಾ, "ನಾನು ಟೀಚರ್ ಟ್ರೈನಿಂಗಿಗೆ ಹೋಗ್ತೀನಿ" ಎಂದಿದ್ದಳು.

ಕೌಟುಕೈನೊ ಪಟ್ಟಣದ ಕಾಲೇಜಿನಲ್ಲಿ ಓದು. ಸರ್ಕಾರದ ಸಾಲ ಎಲ್ಲರಿಗೂ ಸಿಗುತ್ತದೆ, ಅದು ಕೋಣೆ ಬಾಡಿಗೆಗೂ ಬ್ರೆಡ್ಡಿಗೂ ಸರಿಹೋಗುತ್ತದೆ. ಆದರೆ ನಮ್ಮ ಹಿಮದ ಸ್ಕೂಟರಿನ ಕಂತು ಹೋಗುತ್ತಿದ್ದದ್ದು ಅವಳ ಸಂಬಳದಿಂದ. ವೃದ್ಧಾಶ್ರಮದ ಅಡುಗೆಮನೆಯಲ್ಲಿ ನಾನು ದುಡಿದದ್ದು ಮನೆಗೇ ಮುಗಿಯುತ್ತದೆ. ಅವಳು ಹೋಗಬೇಕಾದರೆ ಪುರಸಭೆಯ ನೆರವು ಸಿಗಲೇಬೇಕು. ಸಾಮಿ ಭಾಷೆಯ ಶಿಕ್ಷಕರಾಗಲು ಹೊರಟವರಿಗೆ ವರ್ಷಕ್ಕೆ ಎಂಬತ್ತು ಸಾವಿರ ಕ್ರೋನ; ಓದು ಮುಗಿದ ಮೇಲೆ ನಾಲ್ಕು ವರ್ಷ ಇಲ್ಲೇ ಕಲಿಸಬೇಕು. ಈ ಸಲ ನಾಲ್ಕು ಅರ್ಜಿ, ಕೊಡುವುದು ಒಬ್ಬರಿಗೆ.

"ಮೊದಲ ಎರಡು ಪುಟ ಬರ್ದಿದೀನಿ" ಎಂದಳು ಸುನ್ನಾ. "ಮೂರನೇದು ನೀನು ಬರೀಬೇಕಪ್ಪ."

ಯೊವ್ನಾ ಕನ್ನಡಕ ಹಾಕಿಕೊಂಡು ಓದಿದ. ಓದಿ ಕನ್ನಡಕ ತೆಗೆದ. ಕಾಗದವನ್ನು ಬೆಣ್ಣೆಯ ಡಬ್ಬಿಯ ಕೆಳಗೆ ತಳ್ಳಿದ.

"ಏನಂತೆ?" ಎಂದೆ.

"ಹಿಂಡಲ್ಲಿ ಎಷ್ಟಿವೆ ಬರೀಬೇಕಂತೆ."

"ಹೋದ ವರ್ಷ ದೊಡ್ಡ ಹಿಂಡಿನವರ ಮಗನಿಗೆ ಕೊಟ್ಟರು ಅಂತ ಜನ ಗಲಾಟೆ ಮಾಡಿದ್ರಲ್ಲ" ಎಂದಳು ಸುನ್ನಾ. "ಕಷ್ಟದಲ್ಲಿರೋರಿಗೆ ಸಿಗಲಿ ಅಂತ ಈ ಪುಟ ಸೇರಿಸಿದಾರೆ."

"ಕಷ್ಟ ಸುಖ ನೋಡೋಕೆ ಹಾನ್ಸಾ ಯಾರು?"

ಹಾನ್ಸಾ ಈ ನೆರವು ಯಾರಿಗೆಂದು ತೀರ್ಮಾನಿಸುವ ಪುರಸಭೆಯ ಸಮಿತಿಯ ಅಧ್ಯಕ್ಷ. ನಮ್ಮ ಚಳಿಗಾಲದ ಮೇವಿನ ಗುಡ್ಡದ ಆ ಕಡೆ ಅವನ ಹಿಂಡು, ಈ ಕಡೆ ನಮ್ಮದು. ಗಡಿ ಎಲ್ಲಿ ಎಂಬುದರ ಮೇಲೆ ಇಬ್ಬರ ಅಪ್ಪಂದಿರ ಕಾಲದಿಂದ ತಕರಾರು. ಅಂಗಡಿಯಲ್ಲಿ ಎದುರಾದರೆ ಇಬ್ಬರೂ ಹವಾಮಾನದ ಬಗ್ಗೆ ಮಾತಾಡಿ, ಬೆನ್ನು ತಿರುಗಿಸಿದ ಮೇಲೆ ಹಲ್ಲು ಕಡಿಯುತ್ತಾರೆ.

"ಪ್ರತಿ ವರ್ಷ ಸರ್ಕಾರದ ಆಫೀಸಿಗೆ ಬರೆದು ಕಳಿಸ್ತೀಯಲ್ಲಪ್ಪ" ಎಂದಳು ಸುನ್ನಾ.

"ಅವರು ನೂರಾರು ಕಿಲೋಮೀಟರ್ ಆಚೆ ಕೂತಿರೋರು. ನನ್ನ ಮುಖ ನೋಡಿಲ್ಲ. ಇವರು ದಿನಾ ಅಂಗಡೀಲಿ ನನ್ನ ಪಕ್ಕ ಕಾಫಿ ಕುಡಿಯೋರು. ಹಾನ್ಸಾನ ಕೈಗೆ ಆ ಸಂಖ್ಯೆ ಸಿಕ್ಕಿದ್ರೆ ನಾಳೇನೇ ಗುಡ್ಡದ ಮಾತು ತೆಗೀತಾನೆ."

"ಹಾಗಾದರೆ ಇವಳ ಓದು?" ಎಂದೆ ನಾನು.

"ಪ್ರತಿ ಏಪ್ರಿಲ್‌ನಲ್ಲಿ ಹಿಂಡು ಕರಾವಳಿಗೆ ಹೊರಡತ್ತೆ. ಇವಳು ಅಲ್ಲಿ ಪರೀಕ್ಷೆ ಬರೀತಾ ಕೂತ್ರೆ ಸ್ಕೂಟರ್ ಓಡಿಸೋರು ಯಾರು? ನೀನಾ?"

ನನ್ನ ಸ್ಕೂಟರ್ ವಿದ್ಯೆ ಊರಿಗೇ ಗೊತ್ತು. ಹೊಸದಾಗಿ ಬಂದ ವರ್ಷ ಅಂಗಡಿಯ ಶೆಡ್ಡಿಗೆ ನುಗ್ಗಿಸಿದ್ದೆ. ಸುನ್ನಾ ನಕ್ಕಳು. ಅವನು ನಗಲಿಲ್ಲ.

ಒಂದು ವಾರ ಆ ಕಾಗದ ಬೆಣ್ಣೆ ಡಬ್ಬಿಯ ಕೆಳಗೇ ಇತ್ತು. ನಾನು ಬೇಕೆಂದೇ ತೆಗೆಯಲಿಲ್ಲ. ಪ್ರತಿ ಬೆಳಿಗ್ಗೆ ಅವನು ಬ್ರೆಡ್ಡಿಗೆ ಬೆಣ್ಣೆ ಹಚ್ಚಬೇಕಾದರೆ ಅದು ಕಾಣಲಿ ಎಂದು ಬಿಟ್ಟಿದ್ದೆ. ಅವನೂ ಗಟ್ಟಿ ಆಸಾಮಿ, ಬೆಣ್ಣೆ ತಿನ್ನುವುದನ್ನೇ ಬಿಟ್ಟ.

ಮಾರ್ಚ್ ಮೊದಲ ಭಾನುವಾರ ಅತ್ತೆ ಬಾಯಿ ತೆರೆದರು. ಅವರಿಗೆ ಎಂಬತ್ತನಾಲ್ಕು. ಕಾಫಿ ಬಟ್ಟಲಿಗೆ ಒಣಮಾಂಸದ ಚೂರು ಹಾಕಿಕೊಂಡು, ಅದು ಮೆತ್ತಗಾಗಲಿ ಎಂದು ಕಾಯುತ್ತಾ ಕೂತಿದ್ದರು.

"ಯೊವ್ನಾ, ನನ್ನ ಶಾಲೆ ಕಥೆ ನಿನಗೆ ಹೇಳಿದೀನಾ?"

"ನೂರು ಸಲ ಹೇಳಿದೀಯ."

"ನೂರಾ ಒಂದನೇ ಸಲ ಕೇಳು, ಕಿವಿ ಸವೆಯಲ್ಲ. ಏಳು ವರ್ಷಕ್ಕೆ ಹಾಸ್ಟೆಲ್ ಶಾಲೆಗೆ ಹಾಕಿದ್ರು. ಅಲ್ಲಿ ಕಲಿಸೋರ ಮಾತು ಒಂದಕ್ಷರ ಬರ್ತಿರಲಿಲ್ಲ. ಎರಡು ವರ್ಷ ನನ್ನ ಮೂಗಿ ಅಂದ್ಕೊಂಡಿದ್ರು. ಡಾಕ್ಟರ ಹತ್ರ ಕರ್ಕೊಂಡು ಹೋಗಿ ಕಿವಿ ನೋಡಿಸಿದ್ರು. ಕಿವಿ ಸರಿಯಾಗೇ ಇತ್ತು. ನನಗೆ ಗೊತ್ತಿರೋ ಮಾತು ಆಡೋರು ಆ ಕಟ್ಟಡದಲ್ಲಿ ಒಬ್ಬರೂ ಇರಲಿಲ್ಲ, ಅಷ್ಟೇ."

"ಅಮ್ಮ, ಅದು ಬೇರೆ ಕಾಲ."

"ಕೈಯೆತ್ತಿಕೊಂಡು ಪರದೆ ಮುಂದೆ ಕೂತಿದ್ದ ಹುಡುಗಿ ಯಾವ ಕಾಲದವಳು?"

ಯೊವ್ನಾ ಚಾಕು ತೆಗೆದು ಮಾಂಸ ಹೆರೆಯತೊಡಗಿದ.

"ಸಂಖ್ಯೆ ಬಾಯಿಂದ ಬಿದ್ರೆ ಹಿಂಡು ಕರಗತ್ತೆ ಅಂತ ನಮ್ಮಪ್ಪ ಹೇಳ್ತಿದ್ದ" ಎಂದರು ಅತ್ತೆ. "ನೀನು ಎಲ್ಲೂ ಬಾಯಿ ಬಿಟ್ಟಿಲ್ಲ, ಒಳ್ಳೇದು. ಆದರೂ..."

"ಅಮ್ಮ."

ಅವನು ಅಷ್ಟೇ ಅಂದದ್ದು. ಅತ್ತೆ ಬಟ್ಟಲು ಎತ್ತಿಕೊಂಡರು. ಅವನು ಚಾಪ್ಪೆಯನ್ನು, ನಮ್ಮ ಕಪ್ಪು ನಾಯಿಯನ್ನು, ಕರೆದುಕೊಂಡು ಹೊರಗೆ ಹೋದ. ಆ "ಆದರೂ" ಎಂಬಲ್ಲಿ ಏನೋ ಇತ್ತು. ನಾನು ಪಾತ್ರೆ ತೊಳೆಯುವ ಗಡಿಬಿಡಿಯಲ್ಲಿ ಅದನ್ನು ಕೈಬಿಟ್ಟೆ.

ಅರ್ಜಿ ಕೊಡಲು ಹನ್ನೆರಡೇ ದಿನ ಉಳಿದಿತ್ತು. ಬುಧವಾರ ಸುನ್ನಾ ಶಾಲೆಯಿಂದ ಬಂದು ನನ್ನ ಜೊತೆ ಸೋಂಪಿನ ರೊಟ್ಟಿಗೆ ಹಿಟ್ಟು ನಾದುತ್ತಿದ್ದಳು. ನಾನು ದನಿ ತಗ್ಗಿಸಿ ಕೇಳಿದೆ.

"ನಿಂಗೆ ಗೊತ್ತಲ್ಲ ಎಷ್ಟಿವೆ ಅಂತ?"

"ಏನು?"

"ಸುಮ್ನೆ ನಟಿಸಬೇಡ. ಪ್ರತಿ ವಾರ ಅಪ್ಪನ ಜೊತೆ ಹೋಗ್ತೀಯ. ಬೇಲಿ ಬಾಗಿಲಿಂದ ಒಳಗೆ ಬಿಡೋವಾಗ ಎಣಿಸದೆ ಇರ್ತೀಯಾ?"

ಅವಳು ಹಿಟ್ಟನ್ನು ಮಡಿಸಿ ಮತ್ತೆ ನಾದಿದಳು. "ಗೊತ್ತು."

"ಮತ್ತೆ? ನೀನೇ ಬರೆದು ಕೊಟ್ಟುಬಿಡು. ನಿನ್ನ ಅರ್ಜಿ, ನಿನ್ನ ಕೈಬರಹ. ಸಿಕ್ಕಿದ ಮೇಲೆ ಅಪ್ಪ ನಾಲ್ಕು ದಿನ ಮುಖ ಊದಿಸ್ಕೊಂಡಿರ್ತಾನೆ, ಐದನೇ ದಿನ ಊಟಕ್ಕೆ ಬರ್ತಾನೆ."

"ಅದು ಅಪ್ಪ ಹೇಳಬೇಕಾದ ಮಾತು ಅಮ್ಮ. ನಾನು ಹೇಗೆ ಹೇಳಲಿ?"

"ನಿನ್ನ ಓದಿಗಿಂತ ಹೆಚ್ಚಾ?"

"ನಾಳೆ ನಾನು ಕಲಿಸೋದು ಇದನ್ನೇ ಅಲ್ವಾ?" ಎಂದಳು. "ಬರೀ ಅಕ್ಷರ ಕಲಿಸೋಕೆ ಪರದೆ ಸಾಕು."

ನನಗೆ ಸಿಟ್ಟು ಬಂತು. ಈ ಮನೆಯವರ ಹಟವನ್ನು ಇಪ್ಪತ್ತೇಳು ವರ್ಷ ಸಹಿಸಿದ್ದೇನೆ. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳೂ ಅದನ್ನೇ ಹೊತ್ತು ಬಂದಿದ್ದಾಳಲ್ಲ ಎಂದು ರೊಟ್ಟಿಯನ್ನು ಕಾವಲಿಗೆ ಬಡಿದೆ. ಅದು ಸೀದುಹೋಯಿತು. ಸಿಟ್ಟಿನ ಅಡಿಯಲ್ಲಿ ಹೆಮ್ಮೆಯೂ ಇತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ, ಆಗ ಒಪ್ಪುತ್ತಿರಲಿಲ್ಲ.

ಅವಳು ಅರ್ಜಿಯನ್ನು ಹಾಗೇ ಪುರಸಭೆಗೆ ಕೊಟ್ಟು ಬಂದಳು. ಎರಡು ಪುಟ ತುಂಬಿದ್ದು, ಮೂರನೆಯದು ಖಾಲಿ. ನಮಗೆ ಯಾರಿಗೂ ಹೇಳಲಿಲ್ಲ.

ಗೊತ್ತಾದದ್ದು ಗಡುವಿಗೆ ಎರಡು ದಿನ ಇರುವಾಗ, ಫೋನಿನಿಂದ. ಶನಿವಾರ ಬೆಳಿಗ್ಗೆ ಎಲ್ಲರೂ ಅಡುಗೆಮನೆಯಲ್ಲಿದ್ದೆವು. ಪುರಸಭೆಯ ಗುಮಾಸ್ತೆ ಫೋನ್ ಮಾಡಿದ್ದಳು. ರಜದ ದಿನ ತನ್ನ ಮನೆಯಿಂದಲೇ ಮಾಡಿದ್ದಳು, ಒಳ್ಳೆಯ ಹುಡುಗಿ. ಯೊವ್ನಾ ಫೋನೆತ್ತಿದ. "ಹೂಂ" ಎಂದ. "ಖಾಲಿನಾ?" ಎಂದ. "ಸೋಮವಾರ ಮಧ್ಯಾಹ್ನದ ತನಕವಾ? ಆಯ್ತು" ಎಂದು ಇಟ್ಟ.

ಸುನ್ನಾ ಸ್ಕೂಟರಿಗೆ ಹೊರಡಲು, ಕಾಲು ಬೆಚ್ಚಗಿರಲೆಂದು ಬೂಟಿನೊಳಗೆ ಒಣಹುಲ್ಲು ತುಂಬುತ್ತಾ ಬಾಗಿಲ ಬಳಿ ಕೂತಿದ್ದಳು.

"ಖಾಲಿ ಕೊಟ್ಟಿದೀಯಂತೆ."

"ಹೌದು."

"ಖಾಲಿ ಇದ್ರೆ ಅರ್ಜಿ ಕಸದ ಬುಟ್ಟಿಗೆ. ಗೊತ್ತಿರಲಿಲ್ವಾ?"

"ಗೊತ್ತಿತ್ತು."

"ನೀನೇ ಬರೀಬಹುದಿತ್ತಲ್ಲ. ಹೋದ ಭಾನುವಾರ ಬೇಲಿ ಹತ್ರ ನಿನ್ನ ತುಟಿ ಅಲ್ಲಾಡ್ತಾ ಇತ್ತು. ನಾನು ನೋಡಿದೆ."

ಅವಳು ಹುಲ್ಲು ತುಂಬುವುದನ್ನು ನಿಲ್ಲಿಸಲಿಲ್ಲ.

"ಎಷ್ಟು?" ಎಂದ ಯೊವ್ನಾ.

ಒಲೆಯ ಮುಂದೆ ನಿಂತಿದ್ದ ನಾನು ತಿರುಗಿ ನೋಡಿದೆ. ಅತ್ತೆ ಬಟ್ಟಲು ಕೆಳಗಿಟ್ಟರು. ಇಪ್ಪತ್ತೇಳು ವರ್ಷದಲ್ಲಿ ಈ ಮನೆಯವರು ಆ ಪ್ರಶ್ನೆಯನ್ನು ನೇರವಾಗಿ ಕೇಳಿದ್ದು ಅದು ಎರಡನೇ ಸಲ, ಅದೂ ಅವನ ಬಾಯಿಂದ.

"ಎಷ್ಟಿವೆ, ಹೇಳು. ನಿನಗೆ ಗೊತ್ತಿರೋದು ಸರಿನಾ ನೋಡೋಣ."

ಸುನ್ನಾ ತಲೆಯೆತ್ತಿ ಅಪ್ಪನನ್ನು ನೋಡಿದಳು. ಅವಳ ಕಣ್ಣಲ್ಲಿ ನೀರಿತ್ತು, ದನಿ ಮಾತ್ರ ಅಜ್ಜಿಯದೇ.

"ನಾಯಿಗೆ ಕೆಲಸ ಸಾಕಾಗೋಷ್ಟಿವೆ ಅಪ್ಪ."

ಬೂಟು ಮೆಟ್ಟಿಕೊಂಡು, ಕೈಗವಸು ಹುಡುಕಿಕೊಂಡು ಅವಳು ಹೊರಗೆ ಹೋದಳು. ಸ್ಕೂಟರಿನ ಸದ್ದು ಸರೋವರದ ಕಡೆ ಹೊರಟು ಕಡಿಮೆಯಾಯಿತು. ಅವಳ ಹಿಂದೆ ಹೋಗಬೇಕಿದ್ದ ಯೊವ್ನಾ ಕುರ್ಚಿಯಲ್ಲಿ ಹಾಗೇ ಕೂತ.

"ಅಮ್ಮ, ನಿನಗೂ ಗೊತ್ತಾ?"

"ನನಗೆ ಕಣ್ಣು ಮಂಜು" ಎಂದರು ಅತ್ತೆ. "ಆದರೆ ಹಿಂಡು ಮನೆ ಮುಂದೆ ಹಾಯೋವಾಗ ಎಷ್ಟು ಹೊತ್ತು ನೆಲ ಗುಡುಗತ್ತೆ ಅಂತ ಕಾಲಿಗೆ ಗೊತ್ತಾಗತ್ತೆ. ಎರಡು ವರ್ಷದಿಂದ ಬೇಗ ನಿಂತುಹೋಗತ್ತೆ."

ಅವನು ಪೆನ್ನು ಕೇಳಿದ. ಹೊಸ ಪುಟವೊಂದನ್ನು ಗುಮಾಸ್ತೆ ಕಂಪ್ಯೂಟರಿಗೆ ಕಳಿಸಿದ್ದಳು, ನಾನೇ ಅಚ್ಚು ಹಾಕಿ ತಂದುಕೊಟ್ಟೆ. ಅವನು ಕನ್ನಡಕ ಹಾಕಿಕೊಳ್ಳುತ್ತಿದ್ದಂತೆ ನಾನು ಒಲೆಯ ಕಡೆ ತಿರುಗಿ ನಿಂತೆ. ಅಷ್ಟು ಮರ್ಯಾದೆ ಈ ಮನೆ ನನಗೆ ಕಲಿಸಿದೆ. ಪೆನ್ನಿನ ಸದ್ದು ಬಹಳ ಹೊತ್ತು ಬರಲಿಲ್ಲ, ಬಂದಾಗ ಬೇಗ ಮುಗಿಯಿತು.

"ತುರಿಡ್" ಎಂದು ನನ್ನ ಹೆಸರು ಹಿಡಿದು ಕರೆದ. "ತಿರುಗು. ನೋಡು."

"ಬೇಡ ಬಿಡು."

"ಹಾನ್ಸಾ ನೋಡೋದನ್ನ ನನ್ನ ಹೆಂಡತಿ ನೋಡಬಾರದಾ?"

ನೋಡಿದೆ. ಆ ಸಂಖ್ಯೆಯನ್ನು ನಾನು ಇಲ್ಲಿ ಬರೆಯುವುದಿಲ್ಲ. ನಾನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದಕ್ಕಿಂತ ಅದು ತೀರಾ ಚಿಕ್ಕದಿತ್ತು ಎಂದಷ್ಟೇ ಹೇಳುತ್ತೇನೆ. ಎರಡು ವರ್ಷ ಚಳಿಗಾಲದ ನಡುವೆಯೇ ಮಳೆ ಬಿದ್ದು, ಹಿಮದ ಮೇಲೆ ಗಾಜಿನಂಥ ಪದರ ಕಟ್ಟಿ, ಪ್ರಾಣಿಗಳಿಗೆ ಮೇಯಲು ಅಡಿಯ ಪಾಚಿ ಎಟುಕದೆ ಹೋದದ್ದು ನನಗೆ ಗೊತ್ತಿತ್ತು. ಎಲ್ಲರ ಹಿಂಡಿಗೂ ಪೆಟ್ಟಾಗಿದೆ, ನಮಗೂ ಸ್ವಲ್ಪ ಆಗಿರಬಹುದು ಎಂದುಕೊಂಡಿದ್ದೆ. ಇವನು ಅವುಗಳ ಹೊಟ್ಟೆಗೆ ಮೇವು ಹೊತ್ತು, ಸತ್ತವನ್ನು ಎಳೆದು, ಮನೆಗೆ ಬಂದು ಸಾರು ಚೆನ್ನಾಗಿದೆ ಎಂದು ಎರಡನೇ ಸಲ ಹಾಕಿಸಿಕೊಳ್ಳುತ್ತಿದ್ದ. ನಾನು ಆಶ್ರಮದ ಮುದುಕರಿಗೆಲ್ಲ ನಮ್ಮ ಮನೆಯ ಮಾಂಸ ಹಂಚಿ ದೊಡ್ಡಸ್ತಿಕೆ ತೋರಿಸುತ್ತಿದ್ದೆ. ಅವನು ಒಂದು ದಿನವೂ ಸಾಕು ಮಾಡು ಎನ್ನಲಿಲ್ಲ.

"ನನಗಾದ್ರೂ ಹೇಳಬಾರದಿತ್ತಾ?" ಎಂದೆ.

"ಹೇಳಿದ್ರೆ ನೀನು ಕಡಿಮೆ ಬಡಿಸ್ತಿದ್ದೆ" ಎಂದ.

"ಇಷ್ಟು ಸಣ್ಣ ಹಿಂಡಿಗೆ ಅಷ್ಟು ಮೇವು ಯಾಕೆ ಅಂತ ಹಾನ್ಸಾ ತಕರಾರು ತೆಗೆದು ಗುಡ್ಡ ಹೋದ್ರೆ?"

"ಹೋದ್ರೆ ನೋಡೋಣ. ಅವಳು ಬಾಯಿ ಬಿಡಲಿಲ್ಲ ಅಲ್ವಾ, ತನ್ನದೇ ಕೆಲಸ ಕೆಡೋ ಹಾಗಿದ್ರೂ. ಇನ್ನು ನಾನು ಬಿಡದೆ ಇರೋಕಾಗಲ್ಲ."

ಸೋಮವಾರದ ತನಕ ಕಾದರೆ ಮನಸ್ಸು ಬದಲಾದೀತು ಎಂಬ ಭಯ ಅವನಿಗೇ ಇತ್ತೋ ಏನೋ, ಅಂದೇ ಗುಮಾಸ್ತೆಯ ಮನೆ ಬಾಗಿಲಿಗೆ ಹೋಗಿ ಲಕೋಟೆ ಕೊಟ್ಟು ಬಂದ. ಬಂದವನು ಬೆಣ್ಣೆ ಡಬ್ಬಿ ಎಳೆದುಕೊಂಡು ರೊಟ್ಟಿಗೆ ಎರಡು ಬೆರಳು ದಪ್ಪ ಹಚ್ಚಿದ.

ಆಮೇಲಿನ ಮೂರು ವಾರ ನಮ್ಮ ಮನೆಯಲ್ಲಿ ಮಾತು ಕಡಿಮೆ, ಕೆಲಸ ಜಾಸ್ತಿ. ಕರಾವಳಿಗೆ ಹೊರಡುವ ಮುನ್ನ ಜಾರುಬಂಡಿ ರಿಪೇರಿ, ಹಗ್ಗ, ಡೇರೆ. ಅಪ್ಪ ಮಗಳು ಅಕ್ಕಪಕ್ಕ ಕೂತು ಹಗ್ಗ ಹೆಣೆಯುತ್ತಿದ್ದರು, ಅರ್ಜಿಯ ವಿಷಯ ಇಬ್ಬರೂ ಎತ್ತುತ್ತಿರಲಿಲ್ಲ. ಯೊವ್ನಾ ಅಂಗಡಿಗೆ ಕಾಫಿಗೆ ಹೋಗುವುದನ್ನು ಬಿಟ್ಟಿದ್ದ. ಸಮಿತಿಯಲ್ಲಿ ಏಳು ಜನ, ಏಳು ಜನಕ್ಕೂ ಮನೆ ಮಠ, ಹೆಂಡತಿ ಗಂಡ, ಭಾವ ಮೈದುನ. ಮಾತು ಹೊರಗೆ ಬರಲು ಎಷ್ಟು ಹೊತ್ತು ಬೇಕು ಎಂದು ನಾನೂ ಲೆಕ್ಕ ಹಾಕುತ್ತಿದ್ದೆ. ಅಂಗಡಿಗೆ ಹೋದಾಗ ಎಲ್ಲರ ಮುಖ ನೋಡುತ್ತಿದ್ದೆ. ಯಾರ ಮುಖದಲ್ಲೂ ಏನೂ ಕಾಣುತ್ತಿರಲಿಲ್ಲ.

ಏಪ್ರಿಲ್ ಎರಡನೇ ವಾರ ಪತ್ರ ಬಂತು. ಸುನ್ನಾ ನಿಂತುಕೊಂಡೇ ಓದಿ, ಅಜ್ಜಿಯ ಮಡಿಲಿಗೆ ಹಾಕಿದಳು. ಕಣ್ಣು ಮಂಜಾದ ಅಜ್ಜಿ ಅದನ್ನು ತಲೆಕೆಳಗಾಗಿ ಹಿಡಿದು ನೋಡಿ, "ಕೊಟ್ಟಿದಾರೆ" ಎಂದರು.

"ಓದೋಕಾಗತ್ತಾ ಅಜ್ಜಿ?"

"ನಿನ್ನ ಮುಖ ಓದೋಕಾಗತ್ತೆ."

ಯೊವ್ನಾ ಎದ್ದು ಮಗಳ ಭುಜದ ಮೇಲೆ ಕೈಯಿಟ್ಟ. "ವಾರದ ಕೊನೆಗೆ ಬರ್ತೀಯಲ್ಲ, ಸ್ಕೂಟರಿಗೆ?" ಎಂದ. "ನಿಮ್ಮಮ್ಮನ ಕೈಗೆ ಮಾತ್ರ ಕೊಡೋಕಾಗಲ್ಲ."

ಮರುದಿನ ನಾನು ಈಸ್ಟ್ ತರಲು ಅಂಗಡಿಗೆ ಹೋದೆ. ಕಪಾಟಿನ ಹಿಂದೆ ನಿಂತಿದ್ದಾಗ ಆ ಬದಿಯ ಕಾಫಿ ಮೇಜಿನಿಂದ ಮಾತು ಕೇಳಿಸಿತು. ಒಬ್ಬ ಮಾಹ್ತೆ, ನೆರವು ಸಿಗದೆ ಹೋದ ಹುಡುಗಿಯೊಬ್ಬಳ ಸೋದರಮಾವ. ಇನ್ನೊಬ್ಬ ಹಾನ್ಸಾ.

"ಯೊವ್ನಾನ ಮಗಳಿಗೆ ಕೊಟ್ರಲ್ಲ" ಎನ್ನುತ್ತಿದ್ದ ಮಾಹ್ತೆ. "ಅವನಿಗೇನು ಕಮ್ಮಿ? ಎಷ್ಟು ಅಂತ ಬರೆದಿದ್ದ ಮೂರನೇ ಪುಟದಲ್ಲಿ?"

ನನ್ನ ಕೈಯಲ್ಲಿದ್ದ ಈಸ್ಟಿನ ಪೊಟ್ಟಣ ನುಗ್ಗಾಯಿತು. ಹಾನ್ಸಾ ಬಟ್ಟಲು ತುಂಬಿಸಿಕೊಂಡ ಸದ್ದು, ಸಕ್ಕರೆ ಕಲಕಿದ ಸದ್ದು.

"ಬರೆದಿದ್ದ."

"ಎಷ್ಟು?"

"ನಾಯಿಗೆ ಕೆಲಸ ಸಾಕಾಗೋಷ್ಟಿವೆ" ಎಂದ ಹಾನ್ಸಾ.

ಮಾಹ್ತೆ ಮತ್ತೆ ಕೇಳಲಿಲ್ಲ. ಇಬ್ಬರೂ ಹವಾಮಾನದ ಮಾತಿಗೆ ಹೋದರು. ನಾನು ಕಪಾಟಿನ ಈ ಬದಿಯಲ್ಲಿ ಹಿಟ್ಟಿನ ಚೀಲಗಳನ್ನು ನೋಡುವವಳಂತೆ ನಿಂತು ಕಣ್ಣೊರೆಸಿಕೊಂಡೆ. ಈ ಜನರ ನಡುವೆ ಬಾಳಿದ್ದಕ್ಕೆ ಅಂದು ಅನ್ನಿಸಿದಷ್ಟು ಹೆಮ್ಮೆ ನನಗೆ ಮದುವೆಯ ದಿನವೂ ಅನ್ನಿಸಿರಲಿಲ್ಲ.

ಮಧ್ಯಾಹ್ನ ಸಾರು ಬಡಿಸುತ್ತಾ ಮನೆಯಲ್ಲಿ ಹೇಳಿದೆ. ಯೊವ್ನಾ ಬೆಳಿಗ್ಗೆಯಷ್ಟೇ ಗುಡ್ಡದಿಂದ ಬಂದಿದ್ದ. ಹಿಮದ ಮೇಲೆ ಹಾನ್ಸಾನ ಸ್ಕೂಟರಿನ ಜಾಡು ಹಳೆಯ ಗಡಿಯ ತನಕ ಬಂದು ಅಲ್ಲೇ ತಿರುಗಿ ಹೋಗಿದೆ ಎಂದು ಅವನೇ ಆಗ ಹೇಳಿದ್ದ, ಏನೂ ಅರ್ಥವಾಗದವನಂತೆ.

"ಹಾನ್ಸಾ ಹಾಗಂದ್ನಾ?"

"ಅದೇ ಮಾತು. ಅತ್ತೆ ಹೇಳೋ ಹಾಗೇ."

ಅವನು ಮೂಳೆ ಎತ್ತಿಕೊಂಡು ಚಾಕುವಿನ ಬೆನ್ನಿನಿಂದ ಒಡೆದ. ಮಜ್ಜೆಯನ್ನು ಇಡಿಯಾಗಿ ತೆಗೆದು ಸುನ್ನಾಳ ತಟ್ಟೆಗೆ ಹಾಕಿದ.

"ಒಳ್ಳೆ ಮನುಷ್ಯ" ಎಂದ. "ಗಡಿ ವಿಷಯದಲ್ಲಿ ಮಾತ್ರ ಅವನು ಹೇಳೋದು ಪೂರ್ತಿ ತಪ್ಪು."

ಅತ್ತೆ ತಮ್ಮ ತಟ್ಟೆಯಲ್ಲಿ ಉಳಿದ ಮಾಂಸದ ಚೂರನ್ನು ಮೇಜಿನ ಕೆಳಗೆ ಹಿಡಿದರು. ಚಾಪ್ಪೆ ಬಂದು ತಿಂದು, ಬಾಗಿಲ ಬಳಿ ಹೋಗಿ, ಹೊರಗೆ ಬಿಡಿ ಎಂದು ಕಾಲಿನಿಂದ ಅದನ್ನು ಕೆರೆಯತೊಡಗಿತು.